ಗಂಡ-ಹೆಂಡತಿ ಒಂದೇ ಬೆಂಚಿನಲ್ಲಿ

‘ವಯಸ್ಕರ ಶಿಕ್ಷಣ’ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ನನಗಂತೂ ಲಾಟೀನಿನ ಬೆಳಕು, ಸ್ಲೇಟು, ಬಳಪ, ತಲೆ ಮೇಲೆ ಸೆರಗು ಹೊದ್ದು ‘ಅ’ ತಿದ್ದುತ್ತಿರುವ ಒಬ್ಬ ಅಜ್ಜಿ. ನಮ್ಮ ನಾಡಿಗೆ ಇದು ಹಳೇ ವಿಷಯ. 1940ರ ದಶಕದಲ್ಲೇ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ಶಿಕ್ಷಣ ಸಮಿತಿ ಕೆಲಸ ಮಾಡುತ್ತಿತ್ತು. 1978ರ ಅಕ್ಟೋಬರ್ 2ರಂದು ಇಡೀ ದೇಶಕ್ಕೇ ವಯಸ್ಕರ ಶಿಕ್ಷಣ ಕಾರ್ಯಕ್ರಮ ಬಂತು. ಹೆಬ್ಬೆಟ್ಟು ಒತ್ತುವ ಕೈ ಸಹಿ ಹಾಕುವಂತಾಗಬೇಕು ಅನ್ನುವುದು ಗುರಿ. ಅದರ ಉಪಯೋಗ ಏನು ಅಂತ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇಲ್ಲಿ ರಿಚರ್ಡ್‌ಸನ್‌ನಲ್ಲಿ ಅದೇ ಮಾತಿಗೆ ಅರ್ಥವೇ ಬೇರೆ. ಕಮ್ಯುನಿಟಿ ಕಾಲೇಜು, ಊರಿನ ರಿಕ್ರಿಯೇಷನ್ ಸೆಂಟರು, ವಿಶ್ವವಿದ್ಯಾಲಯ ಎಲ್ಲ ಕಡೆ ಸಂಜೆ ಹೊತ್ತು ದೊಡ್ಡವರಿಗೆ ತರಗತಿಗಳು. ಕುಂಬಾರಿಕೆ, ಸ್ಪ್ಯಾನಿಷ್, ಫೋಟೋ ತೆಗೆಯುವುದು, ಬಾಲ್‌ರೂಮ್ ನೃತ್ಯ... ಪರೀಕ್ಷೆ ಇಲ್ಲ, ಅಂಕ ಇಲ್ಲ, ಪಾಸು-ಫೇಲು ಇಲ್ಲ. ಗಂಡ-ಹೆಂಡತಿ ಜೋಡಿಯಾಗಿ ಬರುವವರು ಎಷ್ಟೋ ಜನ. ಮೊದಮೊದಲು ನೋಡಿದಾಗ ನನಗೆ ನಗು. ದುಡ್ಡು ಕೊಟ್ಟು, ಕಾರು ಓಡಿಸಿಕೊಂಡು ಹೋಗಿ, ಯಾವ ಕೆಲಸಕ್ಕೂ ಬಾರದ್ದನ್ನು ಇಬ್ಬಿಬ್ಬರು ಕಲಿಯೋದಾ?

ನಗುವುದಕ್ಕೆ ಕಾರಣವೂ ಇತ್ತು ಅನ್ನಿ. ಈ ಊರು ನಮ್ಮವರನ್ನು ಕರೆಸಿಕೊಂಡದ್ದೇ ಕೆಲಸಕ್ಕೆ. 1950ರ ದಶಕದಲ್ಲಿ ಕಾಲಿನ್ಸ್ ರೇಡಿಯೋ ಬಂತು, ಪಕ್ಕದಲ್ಲೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇತ್ತು, ಆಮೇಲೆ ನಾರ್ಟೆಲ್, ಎರಿಕ್ಸನ್, ಫ್ಯುಜಿತ್ಸು ಸೇರಿ ಹೆದ್ದಾರಿ ಉದ್ದಕ್ಕೂ ‘ಟೆಲಿಕಾಂ ಕಾರಿಡಾರ್’ ಆಯಿತು. 1969ರಲ್ಲಿ ಯುಟಿ ಡಾಲಸ್, 1972ರಲ್ಲಿ ರಿಚ್‌ಲ್ಯಾಂಡ್ ಕಾಲೇಜು (2020ರಿಂದ ಅದು ಡಾಲಸ್ ಕಾಲೇಜಿನ ಒಂದು ಕ್ಯಾಂಪಸ್). 2001ರಲ್ಲಿ ಟೆಲಿಕಾಂ ನೆಲಕಚ್ಚಿದಾಗ ಸಂಜೆ ತರಗತಿಗೆ ಹೋಗುತ್ತಿದ್ದ ನಮ್ಮವರ ಮುಖ ನನಗೆ ನೆನಪಿದೆ. ಕೆಲಸ ಹೋದವರು ಒಂದು ಕಡೆ, ಹೋಗಬಹುದು ಅಂತ ಹೆದರಿದವರು ಇನ್ನೊಂದು ಕಡೆ. ಜಾವಾ, ಒರಾಕಲ್, ಸಿಸ್ಕೋ ಸರ್ಟಿಫಿಕೇಟು. ಕ್ಲಾಸ್ ಅಂದರೆ ಅನ್ನಕ್ಕೆ ದಾರಿ ಅಂತಲೇ ನಾವೆಲ್ಲ ತಿಳಿದಿದ್ದು.

ಆದರೆ ಈ ಸೀಮೆಯಲ್ಲಿ ಖುಷಿಗೆ ಕಲಿಯುವ ಅಭ್ಯಾಸ ನೂರು ವರ್ಷಕ್ಕಿಂತ ಹಳೆಯದು. 1874ರಲ್ಲಿ ನ್ಯೂಯಾರ್ಕ್ ರಾಜ್ಯದ ಶಟಾಕ್ವಾ ಸರೋವರದ ದಂಡೆಯಲ್ಲಿ ಒಂದು ಬೇಸಿಗೆ ಶಿಬಿರ ಶುರುವಾಯಿತು. ಭಾಷಣ, ಸಂಗೀತ, ಪಾಠ ಎಲ್ಲ ಒಂದೇ ಕಡೆ. ಅದರ ಗಾಳಿ ದೇಶದ ತುಂಬ ಬೀಸಿತು. ಡಾಲಸ್‌ನಿಂದ ದಕ್ಷಿಣಕ್ಕೆ ಸುಮಾರು 30 ಮೈಲಿ ದೂರದ ವಾಕ್ಸಹಾಚಿ ಊರಿನಲ್ಲಿ 1902ರಲ್ಲಿ ಇದಕ್ಕಾಗಿಯೇ ಕಟ್ಟಿದ ಎಂಟು ಮೂಲೆಯ ಮರದ ಸಭಾಂಗಣ ಇವತ್ತಿಗೂ ನಿಂತಿದೆ. ಹತ್ತಿ ಬೆಳೆಯುವ ರೈತರ ಸೀಮೆ ಅದು. ಬೇಸಿಗೆಯಲ್ಲಿ ಗಂಡ, ಹೆಂಡತಿ, ಮಕ್ಕಳು ಬಂದು ಪಾರ್ಕಿನಲ್ಲಿ ಡೇರೆ ಹಾಕಿ ದಿನಗಟ್ಟಲೆ ಇದ್ದು ಕೇಳಿಕೊಂಡು ಹೋಗುತ್ತಿದ್ದರಂತೆ. ನಮ್ಮಲ್ಲಿ ಗಾಡಿ ಕಟ್ಟಿಕೊಂಡು ಬಯಲಾಟಕ್ಕೆ, ಹರಿಕಥೆಗೆ ಹೋಗುತ್ತಿದ್ದ ಹಾಗೆ! ಅಲ್ಲಿ ಹೋಗಿ ಬಂದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಯಿತು.

ಇನ್ನು ನಮ್ಮ ಮನೆ ವಿಷಯ. ನಾವು ಬಂದದ್ದು 1998ರಲ್ಲಿ. ಅವರದು ಎಚ್-1, ನನ್ನದು ಎಚ್-4. ಆ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ (ಗ್ರೀನ್ ಕಾರ್ಡಿನ ದಾರಿಯಲ್ಲಿ ಸ್ವಲ್ಪ ಮುಂದೆ ಹೋದವರ ಸಂಗಾತಿಗಳಿಗೆ ಅನುಮತಿ ಸಿಕ್ಕಿದ್ದು 2015ರ ಮೇ ತಿಂಗಳಲ್ಲಿ). ಹಾಗಾಗಿ ಈ ದೇಶದಲ್ಲಿ ಪ್ರತಿಯೊಂದನ್ನೂ ಅವರು ಮೊದಲು ಕಲಿತರು, ಆಮೇಲೆ ನನಗೆ ಕಲಿಸಿದರು. ಬ್ಯಾಂಕು, ಟ್ಯಾಕ್ಸು, ಫೋನಿನಲ್ಲಿ ಮಾತಾಡುವ ಧಾಟಿ. ಗಂಡನಿಂದ ಡ್ರೈವಿಂಗ್ ಕಲಿತ ಹೆಂಗಸರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ, ಅಲ್ವಾ? ಅವರದು ಕೆಟ್ಟ ಮನಸ್ಸಲ್ಲ ಪಾಪ. ಆದರೆ ಒಬ್ಬರು ಯಾವಾಗಲೂ ಮೇಷ್ಟ್ರು, ಇನ್ನೊಬ್ಬರು ಯಾವಾಗಲೂ ವಿದ್ಯಾರ್ಥಿ ಆಗಿಬಿಟ್ಟರೆ ಅದು ಅಭ್ಯಾಸವಾಗಿ ಹೋಗುತ್ತೆ. ಮುಂದೆ ನನಗೂ ಕೆಲಸ ಸಿಕ್ಕಿತು, ನನ್ನದೇ ಕಾರು ಬಂತು. ಅಭ್ಯಾಸ ಮಾತ್ರ ಹೋಗಲಿಲ್ಲ.

2019ರಲ್ಲಿ ಮಗಳು ಓದಲು ಆಸ್ಟಿನ್‌ಗೆ ಹೋದಳು. ಆಗ ಗೊತ್ತಾಯಿತು, ಮನೆಯಲ್ಲಿ ನಾವು ಮಾತಾಡುತ್ತಿದ್ದದ್ದೆಲ್ಲ ಅವಳ ವಿಷಯವೇ ಅಂತ. ಅವಳ ಈಜು, ಅವಳ ಪರೀಕ್ಷೆ, ಅವಳ ಊಟ. ಈಗ ಸಂಜೆ ಏಳಕ್ಕೆ ಸಾರು ಬಡಿಸಿದರೆ ಏಳೂವರೆಗೆ ಇಬ್ಬರೂ ಇಬ್ಬರ ಫೋನು. ಜಗಳವಿದ್ದಿದ್ದರೆ ಉಂಡು ಮಲಗುವ ತನಕ ಅಂತ ಸಮಾಧಾನ ಮಾಡಿಕೊಳ್ಳಬಹುದಿತ್ತು. ಜಗಳವೂ ಇರಲಿಲ್ಲ. ಇನ್ನೂ ಮೂವತ್ತು ವರ್ಷ ಹೀಗೇನಾ ಅಂತ ಒಂದು ರಾತ್ರಿ ನಿದ್ದೆಯೇ ಬರಲಿಲ್ಲ ನನಗೆ.

ಮಾರನೇ ವಾರ ಕುಂಬಾರಿಕೆ ಕ್ಲಾಸಿಗೆ ಇಬ್ಬರ ಹೆಸರನ್ನೂ ಬರೆಸಿದೆ. ವಾರಕ್ಕೊಂದು ಸಂಜೆ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?” ಅಂದರು. ಕನ್ನಡ ಸಂಘದ ಊಟದಲ್ಲಿ ಒಬ್ಬರು, “ಎಂಜಿನಿಯರಿಂಗ್ ಓದಿ ಮಡಕೆ ಮಾಡೋಕೆ ಹೊರಟ್ರಾ?” ಅಂತ ಕಿಚಾಯಿಸಿದರು. ಆದರೂ ಬಂದರು.

ತಿಗರಿ ಅಂದರೆ ಸುಮ್ಮನೆ ಅಲ್ಲ ನೋಡಿ. ಮೊದಲು ಮಣ್ಣನ್ನು ಒಳಗೆ ಗಾಳಿ ಉಳಿಯದ ಹಾಗೆ ನಾದಬೇಕು. ಆಮೇಲೆ ಮುದ್ದೆಯನ್ನು ತಿಗರಿ ಮೇಲೆ ಕೂರಿಸಿ, ಅದು ತಿರುಗುತ್ತಿರುವಾಗಲೇ ಎರಡು ಕೈಯಿಂದ ಒತ್ತಿ ಒತ್ತಿ ನಟ್ಟನಡುವಿಗೆ ತರಬೇಕು. ಸ್ವಲ್ಪ ಪಕ್ಕಕ್ಕೆ ಸರಿದಿದ್ದರೂ ಸಾಕು, ಗೋಡೆ ಎಬ್ಬಿಸುವಾಗ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಓಲಾಡಿ ಕುಸಿದು ಬೀಳುತ್ತೆ. ಕುಂಬಾರನಿಗೆ ವರುಷ ಅಂತ ಗಾದೆ ಕಟ್ಟಿದವರು ತಿಗರಿ ಮುಂದೆ ಕೂತು ನೋಡಿದವರೇ ಇರಬೇಕು. ಎರಡು ವಾರ ನಮ್ಮಿಬ್ಬರದೂ ಕುಸಿಯಿತು. ಮೂರನೇ ವಾರ ನನ್ನ ಮುದ್ದೆ ನಡುವಿಗೆ ಬಂದು ಅಲ್ಲಾಡದೆ ನಿಂತಿತು. ಅವರದು ನಿಲ್ಲಲಿಲ್ಲ. ಸ್ವಲ್ಪ ಹೊತ್ತು ನೋಡುತ್ತಾ ಇದ್ದು, “ಏ, ನಿಂಗೆ ಹೇಗೆ ಬಂತದು? ಸ್ವಲ್ಪ ತೋರಿಸೇ” ಅಂದರು.

ಇಪ್ಪತ್ತೊಂದು ವರ್ಷದಲ್ಲಿ, ಅಡುಗೆಮನೆ ವಿಷಯ ಬಿಟ್ಟರೆ, ಆ ಪ್ರಶ್ನೆ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. “ಕೈಯಲ್ಲಿ ಒತ್ತಬೇಡಿ, ಮೊಣಕೈಯನ್ನು ತೊಡೆಗೆ ಊರಿ. ಮಣ್ಣು ಅಲ್ಲಾಡಿದರೂ ಕೈ ಅಲ್ಲಾಡಬಾರದು” ಅಂದೆ. ಹೇಳಿದ ಹಾಗೆ ಮಾಡಿದರು. ಮನೆಗೆ ಬರುವಾಗ ಕಾರಿನಲ್ಲಿ ದಾರಿಯುದ್ದಕ್ಕೂ ಮಣ್ಣಿನ ಮಾತು!

ಇದನ್ನು ಶಾಸ್ತ್ರೋಕ್ತವಾಗಿ ನೋಡಿದವರೂ ಇದ್ದಾರೆ. ಆರ್ಥರ್ ಆರನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜೋಡಿಗಳ ಕೈಗೆ ಕೈ, ಕಾಲಿಗೆ ಕಾಲು ಪಟ್ಟಿಯಿಂದ ಕಟ್ಟಿದರು. ಅವರು ಮಂಡಿಯೂರಿ ತೆವಳುತ್ತಾ, ಒಂದು ದಿಂಬನ್ನು ಕೈ ತಾಗಿಸದೆ ಇಬ್ಬರ ಮೈ ನಡುವೆ ಹಿಡಿದು ಅಡ್ಡಗೋಡೆ ದಾಟಬೇಕು. ಒಟ್ಟು 7 ನಿಮಿಷದ ಆಟ. ಇನ್ನು ಕೆಲವು ಜೋಡಿಗಳಿಗೆ ಚೆಂಡು ಉರುಳಿಸುವ ಸಪ್ಪೆ ಕೆಲಸ ಕೊಟ್ಟರು. ಹೊಸ ಆಟ ಆಡಿದವರಿಗೆ ತಮ್ಮ ಸಂಬಂಧದ ಬಗ್ಗೆ ಹೆಚ್ಚು ತೃಪ್ತಿ ಕಂಡಿತು. ಏಳು ನಿಮಿಷದ ಫಲ ಎಷ್ಟು ದಿನ ಉಳಿಯುತ್ತೆ ಅನ್ನುವುದು ಬೇರೆ ಮಾತು. ಆದರೆ ಇಬ್ಬರಿಗೂ ಹೊಸದಾಗಿರಬೇಕು ಅನ್ನುವ ಅಂಶ ನನ್ನ ಅನುಭವಕ್ಕೆ ಸರಿಯಾಗಿ ಕೂಡುತ್ತೆ.

ಯಾಕೆ ಹೇಳ್ತೀನಿ ಅಂದರೆ, ಎಲ್ಲರಿಗೂ ಇದು ಒಗ್ಗುವುದಿಲ್ಲ. ಪರಿಚಯದ ಜೋಡಿಯೊಂದು ಸ್ಪ್ಯಾನಿಷ್‌ಗೆ ಸೇರಿತು. ಗಂಡ ಆಗಲೇ ಅರ್ಧ ಕಲಿತಿದ್ದವರು. ಹೆಂಡತಿ ಬಾಯಿ ತೆಗೆದ ಕೂಡಲೇ ತಿದ್ದುವುದು. ನಾಲ್ಕನೇ ವಾರಕ್ಕೆ ಆಕೆ ಬಿಟ್ಟರು. ಟೆಕ್ಸಸ್‌ನ ಟೂ-ಸ್ಟೆಪ್ ನೃತ್ಯದಲ್ಲೂ ಇದೇ ಕಷ್ಟ. ಆಸ್ಟಿನ್‌ನಲ್ಲಿ 1964ರಿಂದ ಇರುವ ಬ್ರೋಕನ್ ಸ್ಪೋಕ್ ಎಂಬ ಡ್ಯಾನ್ಸ್ ಹಾಲ್ ಇಂಥ ಪಾಠಕ್ಕೆ ಹೆಸರುವಾಸಿ. ಆ ನೃತ್ಯದಲ್ಲಿ ರೂಢಿಯಂತೆ ಗಂಡಸು ಮುಂದಕ್ಕೆ ಹೆಜ್ಜೆ ಹಾಕಿ ನಡೆಸಬೇಕು, ಹೆಂಗಸು ಹಿಂದಕ್ಕೆ ಹೆಜ್ಜೆ ಹಾಕಬೇಕು. ಮನೆಯಲ್ಲೂ ಅದೇ ಆಗುತ್ತಿದ್ದರೆ ದುಡ್ಡು ಕೊಟ್ಟು ಅದನ್ನೇ ಕಲಿಯುವುದು ಯಾಕೆ ಹೇಳಿ!

ಹಾಗಾಗಿ ನನ್ನದು ಮೂರೇ ಸೂತ್ರ. ಇಬ್ಬರಿಗೂ ಬಾರದ್ದನ್ನೇ ಆರಿಸಿ. ತಿದ್ದುವ ಕೆಲಸ ಟೀಚರಿಗೆ ಬಿಡಿ. ಕೇಳಿದರೆ ಮಾತ್ರ ಹೇಳಿಕೊಡಿ. 50 ದಾಟಿದವರಿಗೆ ಯುಟಿ ಡಾಲಸ್‌ನಲ್ಲಿ ಓಷರ್ ಸಂಸ್ಥೆಯ ತರಗತಿಗಳಿವೆ, ಇತಿಹಾಸದಿಂದ ಸಂಗೀತದ ತನಕ, ಪರೀಕ್ಷೆಯ ಗೋಜಿಲ್ಲದೆ. ಹ್ಯೂಸ್ಟನ್‌ನವರಿಗೆ ರೈಸ್ ವಿಶ್ವವಿದ್ಯಾಲಯದ ಗ್ಲಾಸ್‌ಕಾಕ್ ಶಾಲೆ ಇದೆ.

ಊರಲ್ಲಿರುವವರಿಗೆ ಇದ್ಯಾವುದೂ ಬೇಕಾಗಿಲ್ಲ. ಪಕ್ಕದ ಬೀದಿಯ ಹಾರ್ಮೋನಿಯಂ ಮೇಷ್ಟ್ರು ಸಾಕು. ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮಿಬ್ಬರಿಗೂ ಬಾರದ ವಿದ್ಯೆ ಯಾವುದು ಅಂತ ಒಂದು ಪಟ್ಟಿ ಮಾಡಿ ನೋಡಿ. ಸೇರುವುದು ಆಮೇಲಿನ ಮಾತು. ಆ ಪಟ್ಟಿ ಮಾಡುವಾಗಲೇ ಅರ್ಧ ಗಂಟೆ ಹರಟೆ ಸಿಗುತ್ತೆ.