ಮಹಾಮಾರಿಯ ಕಡತಗಳು: ನಾಡಿನ ನೆನಪಿನ ಕಣಜ

ರೋಗ ಬಂದಾಗ ಹೆದರುವುದು, ಹೋದಮೇಲೆ ಮರೆಯುವುದು ಮನುಷ್ಯಸ್ವಭಾವ. ವ್ಯಕ್ತಿಗೆ ಮರೆವು ಸಾಂತ್ವನವಾಗಬಹುದು. ನಾಡಿಗೆ ಮಾತ್ರ ಅದು ಅಪಾಯಕರ. ನಾಡಿನ ನೆನಪು ಬಹುಮಟ್ಟಿಗೆ ಬರಹದಲ್ಲಿ ಉಳಿಯುತ್ತದೆ; ಆ ಬರಹವನ್ನು ಕಾಯುವ ಸ್ಥಳವೇ ಪತ್ರಾಗಾರ.

1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗನ್ನು ನಾವು ಮರೆತಿಲ್ಲ. ಇಕ್ಕಟ್ಟಾದ ಪೇಟೆಯ ಹೊರಗೆ ಬೆಳೆದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳೂ ಪ್ಲೇಗಿನಮ್ಮನ ಗುಡಿಗಳೂ ಅದನ್ನು ನೆನಪಿಸುತ್ತವೆ. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆದರೂ ಕಣ್ಣಿಗೆ ಕಾಣುವ ಅಂತಹ ಗುರುತುಗಳು ಅದಕ್ಕೆ ವಿರಳ. ಅದರ ಕಥೆಯನ್ನು ಆರೋಗ್ಯಾಧಿಕಾರಿಗಳ ವರದಿ, ಮರಣ ನೋಂದಣಿ, ಜನಗಣತಿಗಳಿಂದಲೇ ತಿಳಿಯಬೇಕು. ಜನಗಣತಿಗಳ ಸಾಲಿನಲ್ಲಿ ದೇಶದ ಜನಸಂಖ್ಯೆ ಇಳಿದ ದಶಕ 1911ರಿಂದ 1921ರವರೆಗಿನದೊಂದೇ.

ಈ ಕಾಗದಗಳಿಂದ ಆರೋಗ್ಯಕ್ಕೇನು ಲಾಭ? 2007ರಲ್ಲಿ ಅಮೆರಿಕದ ಸಂಶೋಧಕರು 1918ರ ನಗರಗಳ ದಾಖಲೆಗಳನ್ನು ಹೋಲಿಸಿ ನೋಡಿದರು. ಬೇಗನೆ ಶಾಲೆಗಳನ್ನು ಮುಚ್ಚಿ ಜನಸಂದಣಿಯನ್ನು ತಡೆದ ನಗರಗಳಲ್ಲಿ ಸಾವಿನ ಏರಿಕೆ ತಗ್ಗಿತ್ತೆಂದು ಕಂಡುಬಂದಿತು. 2020ರಲ್ಲಿ ಕೋವಿಡ್ ಬಂದಾಗ ಆ ಅರಿವು ಬಳಕೆಗೆ ಬಂದಿತು.

ವಿಶಾಖಪಟ್ಟಣ, ವಿಜಯವಾಡಗಳಲ್ಲಿ ನೆಲೆಸಿದ ಕನ್ನಡಿಗರಾದ ನಮಗೆ ಇಲ್ಲೊಂದು ವಿಶೇಷವಿದೆ. 1918ರಲ್ಲಿ ಈ ಎರಡು ಊರುಗಳಂತೆಯೇ ಬಳ್ಳಾರಿ, ಮಂಗಳೂರುಗಳೂ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಆದುದರಿಂದ ಆ ಕಾಲದ ಸರ್ಕಾರಿ ಕಡತಗಳನ್ನು ಹುಡುಕುವವರು ಮೊದಲು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. 1953, 1956, 2014ರಲ್ಲಿ ಗಡಿಗಳು ಬದಲಾದವು, ರಾಜಧಾನಿಗಳೂ ಬದಲಾದವು. ಪ್ರತಿ ಬದಲಾವಣೆಯಲ್ಲೂ ಕಡತ ಚದುರುವ, ಕಳೆದುಹೋಗುವ ಭಯವಿದ್ದೇ ಇರುತ್ತದೆ.

ಸರ್ಕಾರಿ ಕಡತವೊಂದೇ ಸಾಲದು. 2020ರ ಆಗಸ್ಟ್ 9ರಂದು ವಿಜಯವಾಡದಲ್ಲಿ ಕೋವಿಡ್ ಆರೈಕೆ ಕೇಂದ್ರವಾಗಿದ್ದ ಹೋಟೆಲೊಂದಕ್ಕೆ ಬೆಂಕಿ ಬಿದ್ದು ಹತ್ತು ಮಂದಿ ಮಡಿದರು. ಕಾರಣವೇನೆಂಬುದನ್ನು ತನಿಖೆಯ ಕಡತ ಹೇಳೀತು. ಬಾಗಿಲಾಚೆ ಕಾದಿದ್ದವರ ಸಂಕಟವನ್ನು ಹೇಳಲಾರದು. ತಾಯಿಯ ಅಂತ್ಯಕ್ರಿಯೆಗೆ ಊರು ಸೇರಲಾಗದವರ ದುಃಖವೂ ಅಂಕಿಅಂಶಗಳಲ್ಲಿ ಸಿಗದು. ಅದು ಮನೆಯ ಕಾಗದಗಳಲ್ಲಿದೆ: ಪ್ರಯಾಣದ ಪಾಸು, ಪರೀಕ್ಷಾ ಚೀಟಿ, ದಿನಚರಿ, ನೆರೆಮನೆಗೆ ಊಟ ಕಳುಹಿಸಿದ ಲೆಕ್ಕ.

ಇವು ಈಗಲೇ ನಶಿಸುತ್ತಿವೆ. ಔಷಧಿ ಅಂಗಡಿಯ ನುಣುಪು ಕಾಗದದ ಬಿಲ್ಲಿನ ಅಕ್ಷರಗಳು ಕೆಲವೇ ವರ್ಷಗಳಲ್ಲಿ ಮಾಸುತ್ತವೆ; ಕೂಡಲೇ ಜೆರಾಕ್ಸ್ ಮಾಡಿಸಿರಿ. ಕಾಗದಗಳಿಂದ ತುಕ್ಕು ಹಿಡಿಯುವ ಗುಂಡುಸೂಜಿಗಳನ್ನು ತೆಗೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿರಿ, ಅದನ್ನು ಮತ್ತೆ ಬಿಡಿಸುವುದು ಕಷ್ಟ. ತೇವವಿಲ್ಲದೆಡೆ ಇಡಿರಿ, ವಿಶಾಖಪಟ್ಟಣದ ಕಡಲ ಗಾಳಿಗೆ ಈ ಎಚ್ಚರ ಹೆಚ್ಚು ಬೇಕು. ಫೋನಿನಲ್ಲಿರುವ ಮುಖ್ಯ ಸಂದೇಶಗಳನ್ನು ಅಚ್ಚು ಹಾಕಿಸಿರಿ. ಭಾವಚಿತ್ರದ ಹಿಂದೆ ಮೆದು ಪೆನ್ಸಿಲಿನಿಂದ ಹೆಸರು, ಊರು, ದಿನಾಂಕ ಬರೆಯಿರಿ. ಇನ್ನೊಬ್ಬರ ರೋಗದ ವಿವರವನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಬಾರದು.

ಹಿರಿಯರ ಮಾತನ್ನು ಕನ್ನಡದಲ್ಲಿಯೇ ಬರೆದಿಟ್ಟರೆ, ಆಂಧ್ರದ ನೆಲದಲ್ಲಿ ಕನ್ನಡಿಗರೂ ಆ ದಿನಗಳನ್ನು ದಾಟಿದರೆಂಬುದಕ್ಕೆ ಸಾಕ್ಷಿ ಉಳಿಯುತ್ತದೆ. ಮುಂದೊಂದು ಮಹಾಮಾರಿ ಬಂದಾಗ ನಮ್ಮ ಮೊಮ್ಮಕ್ಕಳು ಕತ್ತಲೆಯಲ್ಲಿ ತಡಕಾಡದಿರಲಿ.