ಹವಳದ ತೊಟ್ಟಿಯ ಫಾಸ್ಫೇಟ್

ಪ್ರಶ್ನೆ: ಮೈಸೂರಿನಲ್ಲಿರುವ ಮಗ ಹವಳದ ಅಕ್ವೇರಿಯಂ ಇಟ್ಟಿದ್ದಾನೆ. ಏರಿದ ಫಾಸ್ಫೇಟನ್ನು ಒಂದೇ ದಿನದಲ್ಲಿ ತೆಗೆಯಬಹುದೇ?
– ಓದುಗರು, ಗಾವಡಗೆರೆ

ಉತ್ತರ: ಬೇಡವೆನ್ನಿ. ಹವಳಕ್ಕೂ ಅದರೊಳಗೆ ಬದುಕುವ ಪಾಚಿಗೂ ಚೂರು ಫಾಸ್ಫೇಟ್ ಬೇಕೇ ಬೇಕು. ದಿಢೀರನೆ ಸೊನ್ನೆಗಿಳಿದರೆ ಹವಳ ಬಿಳಿಚಿಕೊಂಡು ಸಾಯಬಹುದು. ಲೀಟರಿಗೆ 0.03ರಿಂದ 0.1 ಮಿಲಿಗ್ರಾಂ ಇದ್ದರೆ ಚೆನ್ನ, ಅಲ್ಲಿಗೆ ಇಳಿಯಲು ವಾರಗಳೇ ಹಿಡಿಯಲಿ. ಮೊದಲು ಮೀನಿನ ಆಹಾರ ಕಡಿಮೆ ಮಾಡಲಿ, ಫಾಸ್ಫೇಟಿನ ಬಹುಪಾಲು ಬರುವುದೇ ಅದರಿಂದ. ಉಪ್ಪು ಬೆರೆಸಲು ಬೋರ್‌ವೆಲ್ ನೀರಲ್ಲ, ಆರ್‌ಓ ನೀರು. ಫಾಸ್ಫೇಟ್ ಹೀರುವ ಐರನ್ ಆಕ್ಸೈಡ್ ಹರಳನ್ನು ಹೇಳಿದ ಪ್ರಮಾಣಕ್ಕಿಂತ ಕಡಿಮೆ ಹಾಕಿ, ಆಗಾಗ ಅಳೆಯಲಿ. ಅಳತೆ ಮತ್ತೆ ಏರಿದರೆ ಗಾಬರಿ ಬೇಡ. ಕಲ್ಲುಗಳು ಹಿಂದೆ ಹೀರಿಕೊಂಡದ್ದನ್ನು ಬಿಡುತ್ತಿರುತ್ತವೆ. ಫಾಸ್ಫೇಟ್ ತೆಗೆಯಲು ಬಳಸುವ ಲ್ಯಾಂಥನಂ ಕ್ಲೋರೈಡ್ ಹೊಸಬರಿಗಲ್ಲ, ಅದರಿಂದಾಗುವ ನುಣ್ಣನೆ ಕಣಗಳು ಮೀನಿನ ಕಿವಿರಿಗೆ ಕುತ್ತು.