ಮಡುವಿನ ಮೀನಿಗೆ ಹೊಳೆ ಬೇಕು

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ರಾಮೇಶ್ವರನ ದರ್ಶನ ಮುಗಿಸಿದವರು ಸೀದಾ ಹೊಳೆಯ ಮೆಟ್ಟಿಲಿಗೆ ಇಳಿಯುತ್ತಾರೆ. ಕೈಯಲ್ಲಿ ಕಡ್ಲೆಪುರಿಯ ಪೊಟ್ಟಣ. ಒಂದು ಹಿಡಿ ಎಸೆದರೆ ಸಾಕು, ವಹ್ನಿಪುಷ್ಕರಿಣಿಯ ಕಪ್ಪು ನೀರು ಕುದಿದಂತಾಗಿ ತೋಳುದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಇಲ್ಲಿ ಬಲೆ ಬೀಸುವಂತಿಲ್ಲ, ಗಾಳ ಹಾಕುವಂತಿಲ್ಲ. ಇಷ್ಟೊಂದು ಮೀನು ನೋಡಿದವರು ಕಾವೇರಿ ಚೆನ್ನಾಗಿದ್ದಾಳೆ ಎಂದುಕೊಂಡು ಬಸ್ಸು ಹತ್ತುತ್ತಾರೆ. ಆ ನಂಬಿಕೆಯ ಬಗ್ಗೆಯೇ ನನಗೆ ಆತಂಕ. ಮಡುವಿನಲ್ಲಿ ಮೀನು ಕಿಕ್ಕಿರಿದಿರುವುದು ಹೊಳೆ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸುತ್ತಲಿನ ಹೊಳೆಯಲ್ಲಿ ನೀರು ಕಡಿಮೆಯಾದಾಗಲೂ ಮೀನು ಹೀಗೆಯೇ ಒಂದು ಕಡೆ ಸೇರುತ್ತದೆ.

ಈ ಮಡುವಿಗೆ ಹೆಸರು ತಂದದ್ದು ಮಹಶೀರ್. ಕಾವೇರಿ ತೀರದಲ್ಲಿ ಬಿಳಿಮೀನು ಎಂದೂ ಕರೆಯುತ್ತಾರೆ. ದಪ್ಪ ತುಟಿ, ಬಾಯಿಯ ಪಕ್ಕದಲ್ಲಿ ಎರಡು ಜೊತೆ ಮೀಸೆ, ಅಗಲವಾದ ಹುರುಪೆ. ಗಂಟಲಿನೊಳಗಿನ ಹಲ್ಲುಗಳಿಂದ ಏಡಿ, ಬಸವನಹುಳುಗಳನ್ನು ಅರೆದು ತಿನ್ನಬಲ್ಲ ಈ ಮೀನಿಗೆ ಪುರಿ ಬರೀ ಹೊಟ್ಟೆ ತುಂಬಿಸುವ ತಿಂಡಿ. ಬೇಸಿಗೆಯಲ್ಲಿ ಆಳದ ಮಡುಗಳಲ್ಲಿ ಉಳಿದು, ಮುಂಗಾರಿನ ಹೊಸನೀರು ಬಂದೊಡನೆ ಅದು ಮೇಲಕ್ಕೆ ಹತ್ತುತ್ತದೆ. ಮೊಟ್ಟೆಯಿಡಲು ಕೆಸರು ಒಗ್ಗದು. ತಂಪಾದ, ಆಮ್ಲಜನಕ ತುಂಬಿದ ನೀರು ಹರಿಯುವ ನುಣ್ಣನೆಯ ಜಲ್ಲಿಯೇ ಬೇಕು. ಮೊಟ್ಟೆ ನೀರಿಗಿಂತ ಭಾರ. ಕಲ್ಲಿನ ಸಂದಿಗೆ ಇಳಿದು ಕೂರುತ್ತದೆ, ಮೂರು ನಾಲ್ಕು ದಿನಗಳಲ್ಲಿ ಒಡೆಯುತ್ತದೆ. ಈಜಲು ಬಾರದ ಮರಿ ಇನ್ನೂ ಕೆಲವು ದಿನ ಅಲ್ಲೇ ಅಡಗಿರುತ್ತದೆ. ಅಷ್ಟು ದಿನಗಳಲ್ಲಿ ನೀರು ದಿಢೀರನೆ ಇಳಿದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಮೇಲಿಂದ ಹೂಳು ಬಂದು ಕೂತರೆ ಉಸಿರುಗಟ್ಟುತ್ತದೆ. ದೇವಸ್ಥಾನದ ಮೆಟ್ಟಿಲ ಬಳಿಯ ರಕ್ಷಣೆ ದೊಡ್ಡ ಮೀನಿಗೆ ಮಾತ್ರ. ಮೊಟ್ಟೆಯ ಜಾಗಕ್ಕೆ ಕಾವಲಿಲ್ಲ.

ಇನ್ನೊಂದು ಗೊಡವೆ ಮೀನಿನ ಜಾತಿಯದು. ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ, ಕಿತ್ತಳೆ ಬಣ್ಣದ ರೆಕ್ಕೆಯ ಮಹಶೀರ್ ಒಂದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ 54 ಕಿಲೋ ತೂಕದ ಮೀನು ಇದೇ ಬಗೆಯದು. ಲೋಕಪ್ರಸಿದ್ಧವಾಗಿದ್ದರೂ ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2018ರಲ್ಲಿ. ಕೇರಳದ ಪಾಂಬಾರ್ ಹೊಳೆಯಿಂದ ಮೊದಲೇ ವಿವರಿಸಿದ್ದ ಟಾರ್ ರೆಮಾದೇವಿಯೇ ಇದು ಎಂದು ಸಂಶೋಧಕರು ತೋರಿಸಿಕೊಟ್ಟರು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಇದನ್ನು ಅಳಿವಿನ ಅಂಚಿನಲ್ಲಿರುವ, ಅತಿ ತೀವ್ರ ಅಪಾಯದ ಪಟ್ಟಿಗೆ ಸೇರಿಸಿತು. ಹೆಸರು ಮತ್ತು ಮರಣಶಯ್ಯೆ ಒಟ್ಟಿಗೇ ಬಂದಂತಾಯಿತು.

ಮೀನು ಕಡಿಮೆಯಾಗಿದೆ ಎಂದು 1970ರ ದಶಕದಿಂದ ಕಾವೇರಿಗೆ ಮರಿ ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಬಿಟ್ಟದ್ದು ಮಹಾರಾಷ್ಟ್ರದ ಲೋಣಾವಳದ ಸಾಕಣೆ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು. 1998ರಿಂದ 2012ರವರೆಗೆ ಗಾಳಗಾರರು ಕಾವೇರಿಯಲ್ಲಿ ಹಿಡಿದು ವಾಪಸು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆಯನ್ನು ವಿಜ್ಞಾನಿಗಳು ಪರಿಶೀಲಿಸಿದರು. ಒಟ್ಟು ಸಂಖ್ಯೆ ಏರುತ್ತಿತ್ತು. ಗೂನುಬೆನ್ನಿನದು ಮಾತ್ರ ಕುಸಿಯುತ್ತಿತ್ತು, ಹೊಸದಾಗಿ ಮರಿಗಳು ಸೇರುತ್ತಿದ್ದ ಲಕ್ಷಣವೂ ಇರಲಿಲ್ಲ. ಮೀನು ಹೆಚ್ಚಾಗಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದಾಗ ಹೊಳೆಯ ಸ್ವಂತ ಮೀನು ಕಣ್ಣೆದುರೇ ಜಾರಿಹೋಗುತ್ತಿತ್ತು. ಪುರಿ ಎಸೆಯುವವರಿಗೆ ಎರಡೂ ಒಂದೇ. (ಚನ್ನರಾಯಪಟ್ಟಣದ ಕಡೆಯ ಕೆರೆಗಳ ಕಥೆಯೂ ಇದೇ ಧಾಟಿಯದು. ಗಂಗೆಯ ಬಯಲಿನ ಕಾಟ್ಲಾ, ರೋಹು, ಅವುಗಳ ಜೊತೆಗೆ ಆಫ್ರಿಕಾದ ಜಿಲೇಬಿ. ಕೆರೆ ಕೋಡಿ ಬಿದ್ದರೆ ಇವೆಲ್ಲ ಹಳ್ಳ ಹಿಡಿದು ಹೊಳೆಗೆ ಇಳಿಯುತ್ತವೆ.)

ಕಾವೇರಿಯ ಉಪನದಿ ಹೇಮಾವತಿಯ ಕಡೆ ಬಂದರೆ ತೊಂದರೆಯ ರೂಪ ಬೇರೆ. 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟೆಯಲ್ಲಿ 37 ಟಿಎಂಸಿಯಷ್ಟು ನೀರು ನಿಲ್ಲುತ್ತದೆ. ಅದರಿಂದ ಹಾಸನಕ್ಕೆ ಕುಡಿಯುವ ನೀರು, ಚನ್ನರಾಯಪಟ್ಟಣದ ಒಣಭೂಮಿಗೆ ನಾಲೆ ಬಂತು. ಅಣೆಕಟ್ಟೆ ಬೇಡವಿತ್ತು ಎಂದು ಈ ಜಿಲ್ಲೆಯಲ್ಲಿ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಜಲಾಶಯ ಮೊದಲು ತಡೆಯುವುದು ಮೀನಿಗೆ ಸಂಕೇತವಾದ ಆ ಮೊದಲ ಹೊಸನೀರನ್ನೇ. ಕೆಳಗಿನ ಹೊಳೆನರಸೀಪುರದ ಹೊಳೆಯಲ್ಲಿ ನೀರಿನ ಏರಿಳಿತವನ್ನು ಈಗ ನಿರ್ಧರಿಸುವುದು ಮಳೆಗಿಂತ ಹೆಚ್ಚಾಗಿ ಗೇಟು. ಕೆಳಗಡೆ ಕೃಷ್ಣರಾಜಸಾಗರ, ಮೇಲುಗಡೆ ಗೊರೂರು, ನಡುವೆ ಶ್ರೀರಾಮದೇವರ ಕಟ್ಟೆ. ಈ ಗೋಡೆಗಳ ನಡುವೆ ಸಿಕ್ಕಿದ ಮೀನಿಗೆ ಹತ್ತಲು ಎಷ್ಟು ದೂರ ಉಳಿದಿದೆ ಎಂದು ನಕಾಶೆಯ ಮೇಲೆ ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಉಳಿದ ತುಂಡಿನಲ್ಲೂ ಮರಳು ತೆಗೆದರೆ ಜಲ್ಲಿಯ ಹಾಸು ಹೋಗುತ್ತದೆ, ಗುಂಡಿ ಮತ್ತು ಕೆಸರು ಉಳಿಯುತ್ತದೆ.

ಇದರ ಮೇಲೆ ಬರ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅಂಥ ವರ್ಷ ಹರಿವು ನಿಂತ ಮಡುವಿನಲ್ಲಿ ನಡೆಯುವುದು ಸರಳ ರಸಾಯನ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಬಳಸುತ್ತದೆ. ಉಳಿದ ಪುರಿ ಕೊಳೆಯುವಾಗ ಇನ್ನಷ್ಟು ಹೀರುತ್ತದೆ. ಬೆಳಕು ಹರಿಯುವ ಮುನ್ನ ಮೀನುಗಳು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಅದು ಹಸಿವೆಯಲ್ಲ. ಮೊದಲು ಸಾಯುವುದೂ ದೊಡ್ಡ ಮೀನುಗಳೇ, ಅಂದರೆ ಮೊಟ್ಟೆಯಿಡುವ ತಾಯಂದಿರು.

ಎಲ್ಲವನ್ನೂ ಒಂದೇ ಮಡುವಿನಲ್ಲಿ ಕಾಪಾಡುವುದು ಎಷ್ಟು ಅಪಾಯ ಎಂಬುದಕ್ಕೆ ಘಟ್ಟದ ಕೆಳಗಿನ ಶಿಶಿಲ ಸಾಕ್ಷಿ. ಅಲ್ಲಿಯೂ ದೇವರ ಮೀನು, ಅಲ್ಲಿಯೂ ಶ್ರದ್ಧೆಯ ಕಾವಲು. 1996ರಲ್ಲಿ ಯಾರೋ ಕಪಿಲಾ ಹೊಳೆಗೆ ವಿಷ ಹಾಕಿದರು, ಸಾವಿರಾರು ಮೀನು ತೇಲಿದವು. ಅವುಗಳ ನೆನಪಿಗೆ ಅಲ್ಲೊಂದು ಸ್ಮಾರಕವಿದೆ.

ಹಣವಿದ್ದವರು ಸರಿಪಡಿಸಿಕೊಳ್ಳುತ್ತಾರೆ ಎನ್ನುವವರು ಯುರೋಪನ್ನು ನೋಡಬೇಕು. ರೈನ್ ನದಿಯ ಸಾಲ್ಮನ್ ಕೂಡ ನಮ್ಮ ಮಹಶೀರ್‌ನಂತೆ ಮೇಲೆ ಹತ್ತಿ ಜಲ್ಲಿಯಲ್ಲಿ ಮೊಟ್ಟೆಯಿಡುವ ಮೀನು. ಅಣೆಕಟ್ಟೆ, ಕೊಳಚೆ ಸೇರಿ 1950ರ ದಶಕದ ಹೊತ್ತಿಗೆ ಅಲ್ಲಿಂದ ಮಾಯವಾಯಿತು. 1986ರ ಬಾಸೆಲ್ ರಾಸಾಯನಿಕ ದುರಂತದ ನಂತರ ಎಚ್ಚೆತ್ತ ದೇಶಗಳು ಅದನ್ನು ಮರಳಿ ತರಲು ಹೊರಟವು. ಇಫೆಟ್ಸ್‌ಹೈಮ್‌ನಲ್ಲಿ 2000ದಲ್ಲಿ, ಗಾಂಬ್ಸ್‌ಹೈಮ್‌ನಲ್ಲಿ 2006ರಲ್ಲಿ ಭಾರಿ ಖರ್ಚಿನ ಮೀನುಮೆಟ್ಟಿಲು ಕಟ್ಟಿದರು. ಇಂದಿಗೂ ಮರಿ ಬಿಡುವುದನ್ನು ನಿಲ್ಲಿಸಲು ಆಗಿಲ್ಲ. 2020ರ ಒಂದು ಅಧ್ಯಯನ 36 ಯುರೋಪಿನ ದೇಶಗಳ ನದಿಗಳಲ್ಲಿ ಕನಿಷ್ಠ 12 ಲಕ್ಷ ತಡೆಗಳಿವೆ ಎಂದು ಲೆಕ್ಕ ಹಾಕಿತು. ವಲಸೆ ಹೋಗುವ ಸಿಹಿನೀರ ಮೀನುಗಳ ಸಂಖ್ಯೆ 1970ರಿಂದ 2020ರ ನಡುವೆ ಜಗತ್ತಿನಲ್ಲಿ ಸರಾಸರಿ ಶೇ 81ರಷ್ಟು, ಯುರೋಪಿನಲ್ಲಿ ಶೇ 75ರಷ್ಟು ಇಳಿದಿದೆ. ಫ್ರಾನ್ಸಿನ ಸೆಲೂನ್ ಹೊಳೆಯಲ್ಲಿ ಕೊನೆಗೆ ಕಟ್ಟೆಗಳನ್ನೇ ಒಡೆದರು.

ನಮ್ಮಲ್ಲಿ ಒಡೆಯುವ ಮಾತು ಬೇಡ. ಮುಂಗಾರಿನ ಮೊದಲ ಮಳೆಗೆ ಗೊರೂರಿನಿಂದ ಕೆಲವು ದಿನ ಏರುಪೇರಿಲ್ಲದೆ ನೀರು ಬಿಡುವುದು ಎಂಜಿನಿಯರಿಗೆ ಕಷ್ಟವಲ್ಲ, ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಅದಕ್ಕೊಂದು ಸಾಲು ಬೇಕು. ಮಹಶೀರ್ ಮರಿ ಬಿಡುವ ಮುನ್ನ ಅವು ಯಾವ ಜಾತಿಯವು ಎಂದು ವಂಶವಾಹಿ ಪರೀಕ್ಷೆ ಮಾಡಿಸಬೇಕು. ಮಡುವಿನ ಮೇಲೂ ಕೆಳಗೂ ಜಲ್ಲಿ ಉಳಿದಿರುವ ಜಾಗಗಳನ್ನು ಗುರುತಿಸಿ ಅಲ್ಲಿ ಮರಳಿಗೆ ಗುತ್ತಿಗೆ ಕೊಡಬಾರದು. ಮಳೆ ಹಿಂದಾದ ಮೇಲೆ ಆ ಜಾಗಗಳ ಅಂಚಿನ ತೆಳುನೀರಿನಲ್ಲಿ ಬೆರಳುದ್ದದ ಮರಿಗಳಿವೆಯೇ ಎಂದು ಮೀನುಗಾರಿಕೆ ಇಲಾಖೆ ಪ್ರತಿ ವರ್ಷ ಎಣಿಸಬೇಕು. ಮೆಟ್ಟಿಲ ಬಳಿಯ ದೊಡ್ಡ ಮೀನಿನ ಲೆಕ್ಕಕ್ಕಿಂತ ಆ ಲೆಕ್ಕ ಮುಖ್ಯ.